ಕೀಳದೆ ಬಿಟ್ಟ ಗಂಡು ಗಿಡಗಳು

ಹಾ ಫಲ್ಲಾಂಗ್ ಊರಿನಲ್ಲಿ ಮಟೆಕ್ವಾನೆ ಬೆಳೆಯದ ಮನೆ ಹುಡುಕಿದರೂ ಸಿಗುತ್ತಿರಲಿಲ್ಲ. ಹೊರಗಿನವರು ಗಾಂಜಾ ಅನ್ನುವ ಆ ಗಿಡವನ್ನು ಅಲ್ಲಿಯವರು ಮೆಕ್ಕೆಜೋಳದ ಸಾಲಿನ ನಡುವೆ, ಕುರಿದೊಡ್ಡಿಯ ಹಿಂದೆ, ಬೆಟ್ಟದ ಮೆಟ್ಟಿಲು ಹೊಲಗಳಲ್ಲಿ ಅಜ್ಜಿಯ ಅಜ್ಜಿಯ ಕಾಲದಿಂದ ಬೆಳೆಯುತ್ತ ಬಂದಿದ್ದರು. ವರ್ಷಕ್ಕೊಮ್ಮೆ ಪೊಲೀಸರು ಬಂದು ದಾರಿಗೆ ಕಾಣುವ ನಾಲ್ಕು ಗಿಡ ಕಿತ್ತು ಹೋಗುವರು. ದಾರಿಗೆ ಕಾಣುವಲ್ಲಿ ಊರವರು ನಾಲ್ಕೇ ಗಿಡ ಹಾಕಿರುತ್ತಿದ್ದರು.

ಎಲ್ಲರೂ ಬೆಳೆಯುತ್ತಿದ್ದರು ನಿಜ, ಆದರೆ ಮಾತುಮೆಲೊಳ ಕೈಗುಣವೇ ಬೇರೆ. ಗಂಡು ಗಿಡ ಹೂಬಿಟ್ಟು ಹಳದಿ ಹಿಟ್ಟು ಚೆಲ್ಲಿತೆಂದರೆ ಸುತ್ತಲಿನ ಹೆಣ್ಣು ಗಿಡಗಳೆಲ್ಲ ಬೀಜ ಕಟ್ಟಿಬಿಡುತ್ತವೆ. ಬೀಜ ಕಟ್ಟಿದ ಹೂವಿಗೆ ಘಮವಿಲ್ಲ, ಅಂಟಿಲ್ಲ, ಕೇಳುವವರಿಲ್ಲ. ಅದಕ್ಕೇ ಗಂಡುಗಳನ್ನು ಮೊದಲೇ ಗುರುತಿಸಿ ಕೀಳಬೇಕು. ಉಳಿದವರು ಗೆಣ್ಣಿನಲ್ಲಿ ಗುಂಡು ಮೊಗ್ಗು ಕಾಣುವವರೆಗೆ ಕಾಯುತ್ತಿದ್ದರೆ, ಮಾತುಮೆಲೊ ಅದಕ್ಕೂ ಹತ್ತು ದಿನ ಮುಂಚೆ ಸಾಲಿನಲ್ಲಿ ನಡೆಯುತ್ತ, "ನೀನು ಗಂಡು, ನೀನೂ ಗಂಡು" ಎಂದು ಕಿವಿ ಹಿಂಡುವವಳ ಹಾಗೆ ತುದಿ ಚಿವುಟುತ್ತ ಹೋಗುವಳು. ತಪ್ಪಿದ್ದೇ ಇಲ್ಲ. ಗಡಿಯಾಚೆಯಿಂದ ಕೊಳ್ಳಲು ಬರುವವರು ಮೊದಲು ಅವಳ ಅಂಗಳದಲ್ಲಿ ಕುದುರೆ ಕಟ್ಟಿ ಆಮೇಲೆ ಬೇರೆ ಮನೆ ಕಡೆ ನೋಡುತ್ತಿದ್ದರು.

ಪಕ್ಕದ ಮನೆಯ ಮಾಫೂಸಿಯೂ ಅವಳೂ ಒಂದೇ ಚಳಿಗಾಲದಲ್ಲಿ ಆ ಊರಿಗೆ ಮದುವೆಯಾಗಿ ಬಂದವರು. ಮಾಫೂಸಿಗೆ ಗಿಡ ಒಲಿಯಲಿಲ್ಲ. ಒಂದು ವರ್ಷ ಆಲಿಕಲ್ಲು ಹೊಡೆದರೆ ಇನ್ನೊಂದು ವರ್ಷ ಬೇರು ಕೊಳೆಯುವುದು. ಮತ್ತೊಂದು ವರ್ಷ ಅವಳು ಹೆಣ್ಣುಗಳನ್ನೆಲ್ಲ ಕಿತ್ತು ಗಂಡುಗಳನ್ನು ಉಳಿಸಿಕೊಂಡಿದ್ದಳು. ಆ ಸಂಗತಿಯನ್ನು ಮಾತುಮೆಲೊ ನೀರಿನ ನಲ್ಲಿಯ ಹತ್ತಿರ ಹೆಂಗಸರಿಗೆ ನಟಿಸಿ ತೋರಿಸಿ ಹೊಟ್ಟೆ ಹುಣ್ಣಾಗುವಷ್ಟು ನಗಿಸಿದ್ದಳು. ಮಾಫೂಸಿಯೂ ನಕ್ಕಿದ್ದಳು. ಹಾಗಂತ ಮಾತುಮೆಲೊ ಕೆಟ್ಟವಳಲ್ಲ. ಪ್ರತಿ ವಸಂತದಲ್ಲೂ ತನ್ನ ಮಡಿಯಿಂದ ಒಳ್ಳೆಯ ಸಸಿಗಳನ್ನೇ ಆರಿಸಿ ಗೆಳತಿಗೆ ಕೊಡುತ್ತಿದ್ದಳು, ಹೇಗೆ ನೆಡಬೇಕೆಂದು ಹೇಳಿಕೊಡುತ್ತಿದ್ದಳು. ಅವಳ ಮಕ್ಕಳ ಜ್ವರಕ್ಕೆ ಕಷಾಯ ಕಾಯಿಸಿದ್ದಳು. ತನ್ನ ಹಾಗೆ ಗೆಳತಿಯನ್ನು ಪ್ರೀತಿಸುವವರು ಲೋಕದಲ್ಲೇ ಇಲ್ಲ ಎಂದು ಅವಳಿಗೆ ಅನಿಸುತ್ತಿತ್ತು. ಒಂದು ಮೆಟ್ಟಿಲು ಕೆಳಗೆ ನಿಂತವರನ್ನು ಪ್ರೀತಿಸುವುದು ಸುಲಭ ಎಂಬುದು ಅವಳಿಗೆ ಆಗ ಗೊತ್ತಿರಲಿಲ್ಲ.

ಆಮೇಲೆ ಕಂಪನಿ ಬಂತು.

ಹೊಳೆಯ ದಡದ ಸಮತಟ್ಟು ಜಾಗದಲ್ಲಿ ಆರು ದೊಡ್ಡ ಹಸಿರುಮನೆಗಳು ಎದ್ದವು. ಬಿಳಿ ಪ್ಲಾಸ್ಟಿಕ್ಕಿನ ಮಾಡು, ಕಬ್ಬಿಣದ ಕಮಾನು, ಸುತ್ತ ತಂತಿಬೇಲಿ. ಸರ್ಕಾರದ ಪರವಾನಗಿ ಪಡೆದು ಔಷಧಿಗಾಗಿ ಅದೇ ಮಟೆಕ್ವಾನೆ ಬೆಳೆಯುತ್ತಾರಂತೆ, ವಿಮಾನದಲ್ಲಿ ಕಳಿಸುತ್ತಾರಂತೆ. ಕೆಲಸಕ್ಕೆ ಜನ ಬೇಕೆಂದು ಮೇಲ್ವಿಚಾರಕ ಸೆಖೋಬೆ ಎಂಬಾತ ಊರಿನ ಹೆಂಗಸರನ್ನು ಸಾಲಾಗಿ ಕೂರಿಸಿ ಪ್ರಶ್ನೆ ಕೇಳಿದ. ಮಾತುಮೆಲೊಳ ಸರದಿ ಬಂದಾಗ ಅವನು ಒಂದು ಸಸಿ ತೋರಿಸಿ, ಇದಕ್ಕೆ ಏನು ಬೇಕು ಎಂದ.

"ನ್ತಾತೆ, ಇದಕ್ಕೆ ಮೊದಲು ನಿನ್ನ ಕೈಯಿಂದ ಬಿಡುಗಡೆ ಬೇಕು. ಕೊರಳು ಹಿಡಿದಿದ್ದೀಯ. ಸಸೀನ ಹಾಗಾ ಹಿಡಿಯೋದು?" ಎಂದಳು ಅವಳು, ಗಂಡಸರನ್ನು ಅಪ್ಪಾ ಎನ್ನುವಂತೆ ಮರ್ಯಾದೆಯಿಂದ ನ್ತಾತೆ ಎಂದು ಕರೆದು. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಸೆಖೋಬೆಯ ಕಿವಿ ಬಿಸಿಯಾಯಿತು.

ಮಾಫೂಸಿಗೂ ಅದೇ ಪ್ರಶ್ನೆ ಹಾಕಿದ. ಅವಳು ಕಂಬಳಿಯ ಅಂಚು ತಿರುವುತ್ತ, "ನಂಗೆ ಗೊತ್ತಿಲ್ಲ ನ್ತಾತೆ. ನಾನು ಇಲ್ಲಿತನಕ ಬೆಳೆದದ್ದೆಲ್ಲ ಸತ್ತೇ ಹೋಗಿದೆ. ಕಲಿಸಿದ್ರೆ ಕಲೀತೀನಿ" ಎಂದಳು.

ಮಾಫೂಸಿಗೆ ಕೆಲಸವಾಯಿತು. ಮಾತುಮೆಲೊಗೆ ಆಗಲಿಲ್ಲ. ಮೊದಲ ವರ್ಷ ಅವಳು ಇದನ್ನೂ ತಮಾಷೆಯಾಗಿಯೇ ಹೇಳಿಕೊಂಡು ತಿರುಗಿದಳು. "ಗಿಡ ಗೊತ್ತಿಲ್ಲದೋರೇ ಬೇಕಂತೆ ಕಂಪನಿಗೆ. ನಂಗೆ ಗೊತ್ತಿರೋದು ಜಾಸ್ತಿಯಾಯ್ತಂತೆ." ಎರಡನೆಯ ವರ್ಷ ಆ ತಮಾಷೆಗೆ ಯಾರೂ ನಗಲಿಲ್ಲ. ಐದನೆಯ ವರ್ಷಕ್ಕೆ ಮಾಫೂಸಿ ನಾಲ್ಕನೆಯ ಹಸಿರುಮನೆಗೆ ಮುಖ್ಯಸ್ಥೆಯಾದಳು. ಅವಳ ಕೈಕೆಳಗೆ ಹದಿನಾರು ಹೆಂಗಸರು.

ಬೆಳಿಗ್ಗೆ ಅವಳು ಕೆಳದಾರಿಯಲ್ಲಿ ಹೋಗುವುದನ್ನು ಮಾತುಮೆಲೊ ಮೇಲಿನ ಹೊಲದಿಂದ ನೋಡುತ್ತಿದ್ದಳು. ಏನೂ ಇಲ್ಲ, ಒಬ್ಬ ಹೆಂಗಸು ಫ್ಲಾಸ್ಕು ಹಿಡಿದು ಕೆಲಸಕ್ಕೆ ಹೋಗುತ್ತಿದ್ದಾಳೆ, ಅಷ್ಟೇ. ಆದರೆ ಅದನ್ನು ನೋಡಿದ ಮೇಲೆ ಮಾತುಮೆಲೊಗೆ ಗಂಜಿ ಇಳಿಯುತ್ತಿರಲಿಲ್ಲ. ಒಳಗೆ ಹೋಗುವ ಮುಂಚೆ ಅವರೆಲ್ಲ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಬದಲಿಸಬೇಕಂತೆ. ಸಂಜೆ ಮಾಫೂಸಿ ವಾಪಸು ಬರುವಾಗ ಸಾಬೂನಿನ ವಾಸನೆ ಬರುತ್ತಿತ್ತು. ಅವಳ ಅಂಗೈಯ ಬಿರುಕುಗಳು ಮುಚ್ಚಿಕೊಂಡಿದ್ದವು. ಇವಳು ತನ್ನ ಅಂಗೈ ನೋಡಿಕೊಂಡರೆ ಬತ್ತಿದ ಕೆರೆಯಂಗಳ.

ಇನ್ನೂ ಕೆಟ್ಟದ್ದೆಂದರೆ ಮಾಫೂಸಿ ಬದಲಾಗಿರಲಿಲ್ಲ. ಜಂಬ ಮಾಡಿದ್ದರೆ ಬೈದುಕೊಂಡು ಹಗುರಾಗಬಹುದಿತ್ತು. ಅವಳು ಸಂಜೆ ನೇರ ಮಾತುಮೆಲೊಳ ಒಲೆಯ ಹತ್ತಿರ ಬಂದು ಕೂತು, ಕೈಗೆ ಹಚ್ಚುವ ಮುಲಾಮಿನ ಡಬ್ಬಿ ಮುಂದೆ ಇಟ್ಟು, ಎಂದಿನಂತೆ ಅವುಸಿ, ಅಂದರೆ ಅಕ್ಕಾ, ಎಂದೇ ಕರೆಯುವಳು.

"ಅವುಸಿ, ಅರ್ಧ ನಿಂಗೆ. ಗೊತ್ತಾ, ನಾವು ಅಲ್ಲಿ ಬೀಜಾನೇ ಹಾಕಲ್ಲ. ಒಂದು ತಾಯಿ ಗಿಡ ಇರತ್ತೆ, ಅದರ ಕಡ್ಡಿ ಕತ್ತರಿಸಿ ನೆಡ್ತೀವಿ. ಎಲ್ಲಾ ಹೆಣ್ಣೇ. ಗಂಡಿನ ಸುಳಿವೇ ಇಲ್ಲ ಆ ಮನೇಲಿ."

"ಹೆಂಗಸರೇ ತುಂಬಿರೋ ಮನೇಲಿ ಜಗಳ ಆಗಲ್ವೇನೇ?" ಎನ್ನುವಳು ಮಾತುಮೆಲೊ, ಬಾಯಲ್ಲಿ ನಗು. ಮುಲಾಮಿನ ಡಬ್ಬಿಯನ್ನು ಅವಳು ಕಪಾಟಿನ ಮೇಲೆ ಇಟ್ಟುಬಿಡುತ್ತಿದ್ದಳು, ಮುಟ್ಟುತ್ತಿರಲಿಲ್ಲ.

ಗಂಡ ಲೆಬೋನಾ, ಅಲ್ಲಿ ಬೇಸಿಗೆ ಶುರುವಾಗುವ ನವೆಂಬರಿನಲ್ಲಿ, ಕುರಿಗಳನ್ನು ಹೊಡೆದುಕೊಂಡು ಮೇಲಿನ ಹುಲ್ಲುಗಾವಲಿಗೆ ಹೊರಟ. ಬೇಸಿಗೆ ಕಳೆಯುವವರೆಗೆ ಅವನು ಅಲ್ಲೇ. ಹೊರಡುವ ದಿನ ಕುದುರೆಗೆ ಜೀನು ಬಿಗಿಯುತ್ತ, "ಮಾಫೂಸಿಯ ಹಸಿರುಮನೆಯಲ್ಲಿ ಒಂದೊಂದು ಹೂಗೊಂಚಲು ನನ್ನ ಮೊಣಕೈ ಉದ್ದ ಬರತ್ತಂತೆ. ಇಲ್ಲಿ ಅವಳ ಗಿಡ ನೋಡಿ ಮೇಕೆನೂ ಮುಖ ತಿರುಗಿಸ್ತಿತ್ತು. ಯಾರ ಕೈಲಿ ಏನಿರತ್ತೆ ಹೇಳೋಕಾಗಲ್ಲ ನೋಡು" ಎಂದ. ಅವನಿಗೆ ಅದು ಬರೀ ಮಾತು. ಅವನ ಕುದುರೆ ತಿರುವು ದಾಟುವ ಹೊತ್ತಿಗೆ ಅದು ಇವಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವನು ಅವಳ ಗಿಡದ ಬಗ್ಗೆ ಒಂದು ಮಾತು ಆಡಿದ್ದರೆ ಅವಳಿಗೆ ನೆನಪಿರುತ್ತಿತ್ತು.

ಕಣ್ಣು ಮಂಜಾದ ಅತ್ತೆ ಬಾಗಿಲಲ್ಲಿ ಕೂತು ನಶ್ಯ ಏರಿಸುತ್ತ ತನ್ನದೂ ಒಂದು ಸೇರಿಸಿದಳು. "ನಾನು ಹೇಳಿಕೊಟ್ಟಿದ್ದು ನಿಂಗೆ. ದೊಡ್ಡವಳಾಗಿದ್ದು ಅವಳು."

"ಹೌದು ಮ್ಮೆ, ಹೌದಮ್ಮಾ. ನಿಮ್ಮ ಪಾಠ ಬೇಲಿ ಹಾರಿ ಹೋಯ್ತು" ಎಂದಳು ಮಾತುಮೆಲೊ.

ಡಿಸೆಂಬರಿನಲ್ಲಿ ಕಂಪನಿಯವರು ಕೆಲಸಗಾರರ ಮನೆಯವರಿಗೆ, ಬಂಧುಗಳಿಗೆ ಒಂದು ದಿನ ಹಸಿರುಮನೆ ತೋರಿಸಿದರು. ಮಾಫೂಸಿ, "ನನ್ನ ಅಕ್ಕ" ಎಂದು ಹೆಸರು ಬರೆಸಿ ಮಾತುಮೆಲೊಳನ್ನು ಕೈಹಿಡಿದು ಕರೆದೊಯ್ದಳು. ಬಿಳಿ ಕೋಟು, ಕಾಲಿಗೆ ಪ್ಲಾಸ್ಟಿಕ್ಕಿನ ಚೀಲ, ತಲೆಗೆ ಬಲೆಯ ಟೋಪಿ. ಒಳಗೆ ಕಾಲಿಟ್ಟ ಮಾತುಮೆಲೊ ತಪ್ಪು ಹುಡುಕುವುದಕ್ಕೇ ಬಂದಿದ್ದಳು. ಎಲೆ ಹಳದಿಯಾದದ್ದು ಎಲ್ಲಾದರೂ ಇದ್ದೀತೇ, ಹೇನು ಹತ್ತಿದ್ದು ಇದ್ದೀತೇ, ಒಂದು ಗಿಡವಾದರೂ ಸೊಟ್ಟಗಿದ್ದೀತೇ ಎಂದು ಸಾಲು ಸಾಲು ನೋಡಿದಳು. ಇರಲಿಲ್ಲ. ಆಳೆತ್ತರದ ಗಿಡಗಳು ಒಂದೇ ತಾಯ ಮಕ್ಕಳ ಹಾಗೆ ನಿಂತಿದ್ದವು. ಎಲೆಯ ತಳ ತಿರುವಿ ನೋಡಿದಳು, ಕಾಂಡ ಒತ್ತಿ ನೋಡಿದಳು. ಗಿಡ ಬಲ್ಲವರ ಕೈಗೆ ಸುಳ್ಳು ಹೇಳಲಾಗುವುದಿಲ್ಲ. ಇವು ತಾನು ಜೀವಮಾನದಲ್ಲಿ ಮುಟ್ಟಿದ ಗಿಡಗಳಲ್ಲೆಲ್ಲ ಚೆಂದದವು ಎಂದು ಅವಳ ಕೈ ಹೇಳಿತು.

"ಹೇಗಿದೆ ಅವುಸಿ?" ಎಂದಳು ಮಾಫೂಸಿ. ಪರೀಕ್ಷೆಯ ಫಲಿತಾಂಶಕ್ಕೆ ಕಾದ ಮಗುವಿನಂಥ ಮುಖ.

"ಸೆಖೆ ಜಾಸ್ತಿ" ಎಂದಳು ಮಾತುಮೆಲೊ.

ಮಾಫೂಸಿಯ ಮುಖ ಒಂದು ಗಳಿಗೆ ಬಾಡಿತು. ಅದನ್ನು ಕಂಡು ಮಾತುಮೆಲೊಗೆ ಅಷ್ಟು ದಿನದಲ್ಲಿ ಮೊದಲ ಬಾರಿ ತಂಪೆನಿಸಿತು.

ಕಂಪನಿ ಊರಿಗೆ ಹೊಸ ನಲ್ಲಿ ಹಾಕಿಸಿಕೊಟ್ಟಿತ್ತು. ಅದಕ್ಕೆ ಬದಲಾಗಿ ಊರವರು ಜನವರಿ ಮುಗಿಯುವುದರೊಳಗೆ ತಮ್ಮ ಹೊಲಗಳ ಗಂಡು ಗಿಡಗಳನ್ನೆಲ್ಲ ಕೀಳಬೇಕೆಂದು ಊರ ಯಜಮಾನ ಮೊರೇನಾ ಎಲ್ಲರ ಮುಂದೆ ಮಾತು ಕೊಟ್ಟಿದ್ದ. ಗಾಳಿಗೆ ಬೇಲಿ ಗೊತ್ತಿಲ್ಲ, ಗಂಡು ಗಿಡದ ಹಿಟ್ಟು ಹಾರಿಬಂದರೆ ಹಸಿರುಮನೆಯ ಬೆಳೆ ಹಾಳು. ಹೇಗೂ ತಮ್ಮ ಬೆಳೆಗೂ ಅದೇ ಒಳ್ಳೆಯದಾದ್ದರಿಂದ ಯಾರಿಗೂ ಕಷ್ಟವಾಗಲಿಲ್ಲ.

ಆ ಜನವರಿಯಲ್ಲಿ ಮಾತುಮೆಲೊ ಕೆಳಗಿನ ಮೂರು ಹೊಲಗಳ ಗಂಡುಗಳನ್ನು ಕಿತ್ತು ರಾಶಿ ಹಾಕಿದಳು. ನಾಲ್ಕನೆಯದು ಗುಡ್ಡದ ನೆತ್ತಿಯ ಮೇಲಿನ ಸಣ್ಣ ಪಟ್ಟಿ. ಲೆಬೋನಾ ಇದ್ದಿದ್ದರೆ ಅವನು ಹತ್ತಿ ನೋಡುತ್ತಿದ್ದ. ಈಗ ಅವಳ ಹೊರತು ಅಲ್ಲಿಗೆ ಯಾರೂ ಬರುವುದಿಲ್ಲ. ಅಲ್ಲಿ ಹನ್ನೊಂದು ಗಂಡು ಗಿಡಗಳಿದ್ದವು. ಮೊದಲನೆಯದರ ಬುಡಕ್ಕೆ ಕೈಹಾಕಿದವಳು ಹಾಗೇ ಕೆಳಗೆ ನೋಡಿದಳು. ನೆತ್ತಿಯಿಂದ ಗಾಳಿ ಇಳಿಜಾರಿನಲ್ಲಿ ಹುಲ್ಲನ್ನು ಬಾಚುತ್ತ ನೇರ ಹೊಳೆಯ ಕಡೆಗೆ ಹೋಗುತ್ತಿತ್ತು. ಬಿಳಿ ಮಾಡುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಒಂದು, ಎರಡು, ಮೂರು, ನಾಲ್ಕು.

ನಾಳೆ ಕಿತ್ತರಾಯಿತು ಎಂದುಕೊಂಡು ಇಳಿದುಬಂದಳು.

ಮರುದಿನ ಕಳೆ ತೆಗೆಯುವುದಿತ್ತು. ಅದರ ಮರುದಿನ ಮಳೆ ಬಂದೀತೆನಿಸಿತು. ಹೀಗೆ ಅವಳ ನಾಳೆಗಳು ಮುಗಿಯಲಿಲ್ಲ. ನಾನೇನೂ ಮಾಡುತ್ತಿಲ್ಲವಲ್ಲ, ಸುಮ್ಮನಿದ್ದೇನೆ, ಸುಮ್ಮನಿರುವುದು ಯಾವ ಊರಿನ ಅಪರಾಧ, ಎಂದು ತನಗೆ ತಾನೇ ಕೇಳಿಕೊಂಡಳು. ಆ ಪಟ್ಟಿಯಲ್ಲಿ ಅವಳದೇ ಮೂವತ್ತು ಹೆಣ್ಣು ಗಿಡಗಳಿದ್ದವು. ನೆರೆಯವಳಿಗೆ ಅಪಶಕುನವಾಗಲೆಂದು ತನ್ನ ಮೂಗು ಕೊಯ್ದುಕೊಂಡ ಹಾಗೆ ಅವೂ ಹಾಳಾಗುತ್ತವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೋಗಲಿ ಎಂದುಕೊಂಡಳು.

ಫೆಬ್ರುವರಿಯಲ್ಲಿ ಒಂಬತ್ತು ದಿನ ಮಳೆ ನಿಂತು ಬಿಸಿಲು ಕುದಿಯಿತು. ಹಸಿರುಮನೆಗಳ ಒಳಗೆ ಗಿಡಗಳು ಬೇಯತೊಡಗಿದ್ದರಿಂದ ಮಾಫೂಸಿ ತನ್ನ ಹಸಿರುಮನೆಯ ಪಕ್ಕದ ಪರದೆಗಳನ್ನು ಮಧ್ಯಾಹ್ನದ ಹೊತ್ತು ಮೇಲಕ್ಕೆ ಸುತ್ತಿಸಿದಳು. ಬಲೆಯೊಂದೇ ಉಳಿಯಿತು. ಇದನ್ನು ಅವಳೇ ಸಂಜೆ ಮಾತುಮೆಲೊಳ ಒಲೆಯ ಬಳಿ ಕೂತು ಹೇಳಿದಳು. "ನೀನು ಅವತ್ತೇ ಹೇಳಿದ್ದೆ ಅವುಸಿ, ಸೆಖೆ ಜಾಸ್ತಿ ಅಂತ. ನಿನ್ನ ಕಣ್ಣು ಕಣ್ಣೇ."

ಮರುದಿನ ಮಧ್ಯಾಹ್ನ ಮಾತುಮೆಲೊ ನೆತ್ತಿ ಹತ್ತಿದಳು. ಗಂಡು ಗಿಡಗಳು ಹೂ ಬಿರಿದು ಜೋಲುತ್ತಿದ್ದವು. ಗಾಳಿ ಜೋರಾಗಿತ್ತು. ಕೆಳಗೆ ನಾಲ್ಕನೆಯ ಮಾಡಿನ ಪಕ್ಕದ ಪರದೆ ಸುತ್ತಿ ಮೇಲಿರುವುದನ್ನು ಅವಳು ನೋಡಿದಳು. ಆಮೇಲೆ ಎಲ್ಲಕ್ಕಿಂತ ಎತ್ತರದ ಗಿಡದ ಕಾಂಡ ಹಿಡಿದು ಅಲುಗಿಸಿದಳು. ಹಳದಿ ಹಿಟ್ಟು ಒಲೆಯ ಹೊಗೆಯ ಹಾಗೆ ಎದ್ದು, ತಡವರಿಸದೆ ಕೆಳಮುಖವಾಗಿ ಹೋಯಿತು. ಇನ್ನೊಂದು ಗಿಡ ಅಲುಗಿಸಿದಳು. ಹನ್ನೊಂದನ್ನೂ ಅಲುಗಿಸಿದಳು. ಇನ್ನು ಸುಮ್ಮನಿದ್ದೆ ಎನ್ನುವ ಹಾಗಿರಲಿಲ್ಲ. ಇಳಿಯುವಾಗ ಎರಡು ಕಡೆ ಕೂತು ಎದ್ದು ಬಂದಳು. ಮಾರನೆಯ ಬೆಳಿಗ್ಗೆ ಹೋಗಿ ಅವನ್ನೆಲ್ಲ ಬುಡಸಹಿತ ಕಿತ್ತು, ಒಣಗುವುದಕ್ಕೂ ಬಿಡದೆ ಬಂಡೆಯ ಸಂದಿಗೆ ತುರುಕಿದಳು.

ಮೂರು ವಾರ ಏನೂ ಆಗಲಿಲ್ಲ. ಏನೂ ಆಗಲಿಲ್ಲವಲ್ಲ ಎಂದು ಅವಳಿಗೆ ಒಮ್ಮೆ ಸಮಾಧಾನ, ಮರುಗಳಿಗೆ ಹೊಟ್ಟೆಕಿಚ್ಚು. ಆ ಮನೆಗೆ ಬೆಂಕಿಯ ಮಳೆ ಸುರಿದರೂ ಮಾಫೂಸಿಗೆ ಏನೂ ತಾಕುವುದಿಲ್ಲ ಎಂದುಕೊಂಡಳು.

ಮಾರ್ಚ್ ತಿಂಗಳ ಒಂದು ಸಂಜೆ ಮಾಫೂಸಿ ಬಂದಳು. ಕೂರಲಿಲ್ಲ. ಕರವಸ್ತ್ರ ಬಿಚ್ಚಿದಳು. ಅದರಲ್ಲಿ ಎಳೆಯ ಹಸಿರು ಬೀಜಗಳು ನಾಲ್ಕಿದ್ದವು.

"ಅವುಸಿ, ಹೂವೊಳಗೆ ಸಿಕ್ತು. ಒಂದು ಗಿಡದಲ್ಲಲ್ಲ, ಆ ಕಡೆ ಸಾಲು ಪೂರ್ತಿ. ಸೆಖೋಬೆಗೆ ಇನ್ನೂ ಹೇಳಿಲ್ಲ. ನಿಂಗೆ ಗೊತ್ತಿರೋಷ್ಟು ಇಲ್ಲಿ ಯಾರಿಗೂ ಗೊತ್ತಿಲ್ಲ. ಇದು ಎಲ್ಲಿಂದ ಬಂತು, ಹೇಳು."

ಮಾತುಮೆಲೊ ಒಂದು ಬೀಜ ಎತ್ತಿ ಉಗುರಿನಿಂದ ಒಡೆದಳು. ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಒಡಕು ಪಾತ್ರೆಯ ಹಾಗೆ ತನ್ನೆದುರು ನಿಂತ ಮಾಫೂಸಿ ಹಳೆಯ ಮಾಫೂಸಿಯಾಗಿದ್ದಳು, ಆಲಿಕಲ್ಲು ಬಿದ್ದ ಮರುದಿನ ಓಡಿ ಬರುತ್ತಿದ್ದವಳು.

"ಬಿಸಿಲಿಗೆ ಹೆದರಿದ ಹೆಣ್ಣು ಗಿಡ ಒಮ್ಮೊಮ್ಮೆ ತಾನೇ ಗಂಡು ಹೂ ಬಿಡತ್ತೆ ಕಣೇ" ಎಂದಳು. "ಒಂದು ಬಿಟ್ರೆ ಸಾಕು. ಒಳಗೇ ಆಗಿರೋದು ಇದು. ಬೇಯಿಸಿಬಿಟ್ಟಿದ್ದೀಯ ನೀನು."

ಅದು ಸುಳ್ಳೆಂದು ಹೇಳುವ ಹಾಗಿರಲಿಲ್ಲ. ಹಾಗೆ ಆಗುವುದುಂಟು. ಮಾಫೂಸಿ ಅದನ್ನೇ ನಂಬಿ ಸೆಖೋಬೆಯ ಮುಂದೆ, ನನ್ನಿಂದಲೇ ಆಯಿತು ಎಂದು ಒಪ್ಪಿಕೊಂಡಳು. ನಾಲ್ಕನೆಯ ಮನೆಯ ಬೆಳೆಯನ್ನು ಗುಂಡಿ ತೋಡಿ ಸುಟ್ಟರು. ಆ ಹೊಗೆ ಎರಡು ದಿನ ಊರ ಮೇಲೆ ನಿಂತಿತ್ತು. ಹದಿನಾರು ಹೆಂಗಸರಲ್ಲಿ ಎಂಟು ಜನರನ್ನು ಮುಂದಿನ ನಾಟಿಯವರೆಗೆ ಮನೆಗೆ ಕಳಿಸಿದರು. ಮಾಫೂಸಿಯ ಬಿಳಿ ಕೋಟು ಹೋಗಿ, ಅವಳು ಎಲೆ ಕತ್ತರಿಸುವ ಮೇಜಿನಲ್ಲಿ ಎಲ್ಲರ ಕೊನೆಗೆ ಕೂತಳು.

ಇನ್ನಾದರೂ ಮಾತುಮೆಲೊಳ ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ಇಗರ್ಜಿಯ ಹೆಂಗಸರು ಮಾಫೂಸಿಯ ಮನೆಗೆ ಹೋಗಿ ಹಾಡಿ ಬಂದರು. ಕೆಲಸ ಕಳೆದುಕೊಂಡ ಎಂಟು ಜನರೂ ಅವಳನ್ನು ಬೈಯುವ ಬದಲು, "ಪಾಪ, ಎಲ್ಲಾ ತನ್ನ ತಲೆ ಮೇಲೆ ಹಾಕ್ಕೊಂಡಳು, ನಮ್ಮ ಹೆಸರು ಹೇಳಲಿಲ್ಲ" ಎಂದು ಹೊಗಳಿದರು. ಹುಲ್ಲುಗಾವಲಿನಿಂದ ಇಳಿದು ಬಂದ ಲೆಬೋನಾ ಕುರಿ ಕಡಿದವನೇ, "ಒಂದು ತೊಡೆ ಮಾಫೂಸಿಗೆ ಕೊಟ್ಟು ಬಾ. ನೊಂದಿರ್ತಾಳೆ" ಎಂದ. ತೊಡೆಯನ್ನು ತಲೆಯ ಮೇಲೆ ಹೊತ್ತು ನಡೆಯುವಾಗ ಮಾತುಮೆಲೊಗೆ ಅನಿಸಿತು, ಮಾಫೂಸಿ ಗೆದ್ದರೂ ಊರು ಅವಳ ಕಡೆ, ಸೋತರೂ ಅವಳ ಕಡೆ. ನನ್ನ ಮೂವತ್ತು ಗಿಡ ಬೀಜವಾಗಿ ಹೋದವು, ಒಬ್ಬರಾದರೂ ಕೇಳಿದರೇ?

ಏಪ್ರಿಲಿನಲ್ಲಿ ಒಂದು ಬೆಳಿಗ್ಗೆ ಸೆಖೋಬೆಯೇ ಅವಳ ಅಂಗಳಕ್ಕೆ ಬಂದ. ಟೋಪಿ ತೆಗೆದು ಅತ್ತೆಗೆ ನಮಸ್ಕರಿಸಿ ಕೂತ.

"ಮ್ಮೆ ಮಾತುಮೆಲೊ, ನಮಗೆ ಗಂಡು ಹೂ ಹುಡುಕೋಕೆ ಕಣ್ಣಿರೋ ಒಬ್ಬರು ಬೇಕು. ಆರೂ ಮನೆ ನೋಡ್ಕೋಬೇಕು. ಮೊದಲು ಆಗಿದ್ದೆಲ್ಲ ಬಿಟ್ಟುಬಿಡೋಣ."

ಐದು ವರ್ಷ ಅವಳು ಕಾದದ್ದು ಇದಕ್ಕೇ. ಎದೆ ಹಿಗ್ಗಿತು. ಕಡೆಗೂ ಬಂದೆಯಲ್ಲ ಮಗನೇ ಎಂದುಕೊಂಡಳು. "ನಿಮಗೆ ಈಗ ನೆನಪಾಯ್ತಾ ನ್ತಾತೆ? ಯಾರು ಹೇಳಿದ್ರು ನನ್ನ ಹೆಸರು?"

"ಮಾಫೂಸಿ. ಎರಡು ವಾರದಿಂದ ಪ್ರಾಣ ತಿಂತಿದ್ದಾಳೆ. 'ಅವಳು ಇದ್ದಿದ್ರೆ ಇದು ಆಗ್ತಾನೇ ಇರಲಿಲ್ಲ, ನಾನು ಹತ್ತು ವರ್ಷ ಕಲಿತ್ರೂ ಅವಳ ಕಣ್ಣು ನಂಗೆ ಬರಲ್ಲ' ಅಂತ."

ಹಿಗ್ಗಿದ ಎದೆ ಹಾಗೇ ಕುಸಿಯಿತು. ನಾಳೆ ಹೇಳುತ್ತೇನೆಂದು ಅವನನ್ನು ಕಳಿಸಿ, ಸಂಜೆಯವರೆಗೆ ಅಂಗಳ ಗುಡಿಸಿದಳು. ಗುಡಿಸಿದಲ್ಲೇ ಗುಡಿಸಿದಳು. ಆ ಕೆಲಸವೂ ಅವಳ ಭಿಕ್ಷೆ. ಅವಳು ಎಸೆದರೆ ತಾನು ಹೆಕ್ಕಬೇಕು. ಕಂಬಳಿ ಹೊದ್ದು ನೇರ ಮಾಫೂಸಿಯ ಮನೆಗೆ ಹೋದಳು. ಮಾಫೂಸಿ ಮೂರುಕಾಲಿನ ಮಡಕೆಯಲ್ಲಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಪಾಪಾ, ಮಗುಚುತ್ತಿದ್ದಳು.

"ನಿಂಗೆ ಯಾರು ಕೇಳಿದ್ರು?" ಎಂದಳು ಮಾತುಮೆಲೊ ಬಾಗಿಲಲ್ಲೇ.

"ಬಂದಿದ್ನಾ ಸೆಖೋಬೆ?" ಮಾಫೂಸಿಯ ಮುಖ ಅರಳಿತು. "ಒಪ್ಕೊಂಡ್ಯಾ?"

"ನನಗೆ ಕೆಲಸ ಕೊಡ್ಸೋಕೆ ನೀನ್ಯಾರೇ? ನಿನ್ನ ಒಳ್ಳೇತನ ಸಾಕು ನಂಗೆ! ಸಾಕಾಗಿದೆ! ಮುಲಾಮು ಸಾಕು, ಹೊಗಳಿಕೆ ಸಾಕು. ನಿನ್ನ ಬೆಳೆ ಹಾಳಾಗಿದ್ದು ಬಿಸಿಲಿಗಲ್ಲ. ನಾನು ಮಾಡಿದ್ದು. ನೆತ್ತಿ ಮೇಲೆ ಹನ್ನೊಂದು ಗಂಡು ಬಿಟ್ಟಿದ್ದೆ. ಗಾಳಿ ನೋಡ್ಕೊಂಡು ಅಲ್ಲಾಡ್ಸಿದೆ. ಈಗ ಹೊಗಳು. ನನ್ನ ಕಣ್ಣು ಹೊಗಳು."

ಹೇಳಿಬಿಟ್ಟಿದ್ದಳು. ಮಾಫೂಸಿಯ ಕೈಯ ಸೌಟು ಮಡಕೆಯಲ್ಲೇ ನಿಂತಿತು. ಅವಳು ಅಳಬಹುದು, ಯಾಕೆ ಹೀಗೆ ಮಾಡಿದೆ ಅವುಸಿ ಎಂದು ಕೇಳಬಹುದು ಎಂದು ಮಾತುಮೆಲೊ ಕಾದಳು. ಮಾಫೂಸಿ ಸೌಟನ್ನು ಎತ್ತಿ ಬೀಸಿದಳು. ಬಿಸಿ ಪಾಪಾ ಮಾತುಮೆಲೊಳ ಕತ್ತಿನ ಮೇಲೆ ಚಿಮ್ಮಿತು. ಎರಡನೆಯ ಏಟು ಭುಜಕ್ಕೆ ಬಿತ್ತು.

"ಎಂಟು ಮನೆ!" ಎಂದಳು ಮಾಫೂಸಿ. ಅವಳ ಗಂಟಲಿನಿಂದ ಅಂಥ ದನಿ ಬಂದದ್ದನ್ನು ಮಾತುಮೆಲೊ ಕೇಳಿರಲಿಲ್ಲ. "ಎಂಟು ಮನೆಯ ಒಲೆ ಆರಿಸಿದ್ಯಲ್ಲೇ, ಹಾವೇ! ನಾನು ಎಲ್ಲರ ಮುಂದೆ ನಂದೇ ತಪ್ಪು ಅಂತ ನಿಂತೆ. ನೀನು ಹೇಳಿದ್ದಕ್ಕೆ ನಿಂತೆ!"

"ಹೊಡಿ" ಎಂದಳು ಮಾತುಮೆಲೊ.

"ಹೊಡೀತೀನಿ. ನಿನ್ನ ಅಪ್ಪಣೆ ಬೇಕಾ ಅದಕ್ಕೂ? ನಾನು ಒಳ್ಳೆಯವಳು ಅಂದ್ಕೊಂಡಿದ್ಯಾ? ಹದಿನೇಳು ವರ್ಷ ನೀನು ಕೊಟ್ಟ ಸಸಿ ಇಸ್ಕೊಂಡೆ. ಒಂದೊಂದು ಸಸಿ ಜೊತೆಗೂ ಒಂದೊಂದು ನಗು ಕೊಡ್ತಿದ್ದೆ ನೀನು. ನಲ್ಲಿ ಹತ್ತಿರ ನನ್ನ ಹಾಗೆ ನಡೆದು ತೋರಿಸ್ದೆ, ಮರೆತಿದೀನಾ? ನಿನ್ನ ಗಿಡ ಕಣ್ಣಿಗೆ ಬೀಳಬಾರದು ಅಂತ ಸೌದೆ ತರೋಕೆ ಗುಡ್ಡ ಸುತ್ತಿ ಹೋಗ್ತಿದ್ದೆ. ನಿನ್ನ ಹೊಲಕ್ಕೆ ಮೇಕೆ ಬಿಡೋಣ ಅಂತ ಎಷ್ಟು ಸಲ ಹಗ್ಗ ಬಿಚ್ಚಿದ್ದೆ! ಬಿಡಲಿಲ್ಲ ಕಣೇ. ಬಿಚ್ಚಿದ ಹಗ್ಗಾನ ಮತ್ತೆ ಕಟ್ಟಿದೆ. ಅಷ್ಟೇ ನಿನಗೂ ನನಗೂ ಇರೋ ವ್ಯತ್ಯಾಸ. ಈಗ ಹೋಗು. ನನ್ನ ಅಂಗಳದಿಂದ ಹೋಗು."

ಮಾತುಮೆಲೊ ಹೋದಳು. ಕತ್ತು ಸುಟ್ಟು ಬೊಬ್ಬೆ ಎದ್ದಿತ್ತು. ಆದರೆ ದಾರಿಯಲ್ಲಿ ಅವಳಿಗೆ ಉಸಿರು ಸಲೀಸಾಗಿ ಆಡಿತು. ಐದು ವರ್ಷದಿಂದ ತಾನೊಬ್ಬಳೇ ಇಂಥವಳು ಎಂದುಕೊಂಡಿದ್ದಳು.

ಮಾಫೂಸಿ ಬಿಡಲಿಲ್ಲ. ಮರುದಿನವೇ ಮೊರೇನಾನ ಮುಂದೆ ಹೋದಳು. ಶನಿವಾರ ಊರ ನ್ಯಾಯದ ಜಾಗವಾದ ಖೋಟ್ಲಾದಲ್ಲಿ ಊರು ಸೇರಿತು. ಮಾತುಮೆಲೊ ಎದ್ದುನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಲುಗಿಸಿದ್ದನ್ನೂ ಬಿಡಲಿಲ್ಲ. ಲೆಬೋನಾ ನೆಲ ನೋಡುತ್ತ ಕೂತಿದ್ದ. ಯಾಕೆ ಮಾಡಿದೆ ಎಂದು ಮೊರೇನಾ ಕೇಳಿದಾಗ ಒಬ್ಬಿಬ್ಬರು, ಕೊಳ್ಳುವವರ ಜಗಳವೇ, ಗಡಿಯ ತಕರಾರೇ ಎಂದು ಎತ್ತಿಕೊಟ್ಟರು. ಅವಳು ತಲೆಯಲ್ಲಾಡಿಸಿದಳು.

"ಹೊಟ್ಟೆಕಿಚ್ಚು ಮೊರೇನಾ" ಎಂದಳು. "ಅವಳ ಗಿಡ ನನ್ನದಕ್ಕಿಂತ ಚೆನ್ನಾಗಿತ್ತು."

ಅದನ್ನು ಹೇಳುವುದು ತಪ್ಪೊಪ್ಪಿಗೆಗಿಂತ ಕಷ್ಟವಾಯಿತು. ಹೆಂಗಸರ ಸಾಲಿನಲ್ಲಿ ಕೂತ ಮಾಫೂಸಿ ಈಗ ಮೊದಲ ಬಾರಿ ತಲೆ ಎತ್ತಿ ಅವಳನ್ನು ನೋಡಿದಳು.

ಎಂಟು ಮನೆಗೂ ಒಂದೊಂದು ಕುರಿ ಕೊಡಬೇಕೆಂದು ತೀರ್ಪಾಯಿತು. ಲೆಬೋನಾನ ಹಿಂಡು ಅರ್ಧವಾಯಿತು. ಅವನು ಎರಡು ತಿಂಗಳು ಹೆಂಡತಿಯೊಂದಿಗೆ ಮಾತು ಬಿಟ್ಟ. ಅತ್ತೆ ಮಾತ್ರ, "ಮಾಡಿದ್ದು ಮಾಡಿದೆ, ಹೇಳಿ ಯಾಕೆ ಸತ್ತೆ?" ಎಂದು ದಿನಕ್ಕೊಮ್ಮೆ ಕೇಳುತ್ತಿದ್ದಳು. ಕಂಪನಿ ಮಾತುಮೆಲೊಳ ಹೆಸರನ್ನು ಗೇಟಿನಲ್ಲಿ ಬರೆದಿಟ್ಟು, ಇವಳನ್ನು ಎಂದೂ ಒಳಗೆ ಬಿಡಕೂಡದೆಂದಿತು. ಎಂಟು ಜನರನ್ನು ಜೂನಿನ ನಾಟಿಗೆ ಮರಳಿ ಕರೆದರು. ಮಾಫೂಸಿಗೆ ಬಿಳಿ ಕೋಟು ವಾಪಸು ಬಂತು. ಸೆಖೋಬೆ ತಪ್ಪಾಯಿತೆಂದು ಹೇಳಲಿಲ್ಲ, ಕೋಟನ್ನು ಇಸ್ತ್ರಿ ಮಾಡಿಸಿ ಕೊಟ್ಟನಂತೆ.

ಆ ಚಳಿಗಾಲವೆಲ್ಲ ನಲ್ಲಿಯ ಬಳಿ ಮಾತುಮೆಲೊ ಬಂದರೆ ಹೆಂಗಸರು ಕೊಡ ಸರಿಸಿಕೊಂಡು ನಿಲ್ಲುತ್ತಿದ್ದರು. ಅವಳು ಎಲ್ಲರದಾದ ಮೇಲೆ ನೀರು ಹಿಡಿದು ಹೋಗುವಳು.

ಜನವರಿ ಬಂತು. ಊರ ಹೊಲಗಳನ್ನು ತಪಾಸಣೆ ಮಾಡಲು ಕಂಪನಿ ಒಬ್ಬರನ್ನು ಕಳಿಸುತ್ತದೆಂದು ಮೊರೇನಾ ಸಾರಿಸಿದ. ಮಾತುಮೆಲೊ ನೆತ್ತಿಯ ಪಟ್ಟಿಯಲ್ಲಿ ಕಳೆ ಕೀಳುತ್ತಿದ್ದಾಗ ಏದುಸಿರು ಕೇಳಿಸಿತು. ಮಾಫೂಸಿ ಮೊಣಕಾಲಿಗೆ ಕೈಯೂರಿ ಹತ್ತಿ ಬರುತ್ತಿದ್ದಳು. ಬಿಳಿ ಕೋಟಿರಲಿಲ್ಲ, ಹಳೆಯ ಕಂಬಳಿ ಹೊದ್ದಿದ್ದಳು.

"ನಿನ್ನನ್ನೇ ಕಳಿಸಿದ್ರಾ?" ಎಂದಳು ಮಾತುಮೆಲೊ.

"ನಾನೇ ಕೇಳ್ಕೊಂಡೆ. ಬೇರೆಯವರನ್ನ ನೀನು ಏಮಾರಿಸ್ತೀಯ."

ಸಾಲುಸಾಲಾಗಿ ನಡೆದು, ಬಗ್ಗಿ, ಗೆಣ್ಣು ಬಿಡಿಸಿ ನೋಡಿದಳು. ಬಂಡೆಯ ಸಂದಿಯನ್ನೂ ಇಣುಕಿದಳು. ಅಷ್ಟೂ ಹೊತ್ತು ಮಾತುಮೆಲೊ ಹಿಂದೆ ಹಿಂದೆಯೇ ನಡೆದಳು. ಒಂದು ಗಿಡದ ಹತ್ತಿರ ಮಾತ್ರ ಮಾಫೂಸಿ ನಿಂತು ಎಲೆಯ ತಳ ತಿರುವಿ, ಕಾಂಡ ಒತ್ತಿ ನೋಡಿದಳು. "ಇದಕ್ಕೆ ಏನು ಹಾಕಿದ್ದೀಯ?"

"ಬೂದಿ. ಕುರಿಗೊಬ್ಬರ. ಕುರಿ ಕಮ್ಮಿಯಾದ್ದರಿಂದ ಗೊಬ್ಬರಾನೂ ಕಮ್ಮಿ."

ಮಾಫೂಸಿಗೆ ನಗು ಬಂತೇನೋ, ಮುಖ ಆ ಕಡೆ ತಿರುಗಿಸಿದಳು. ಕಲ್ಲಿನ ಕಟ್ಟೆಯ ಮೇಲೆ ಕೂತು ನೀರು ಕೇಳಿದಳು. ಮಾತುಮೆಲೊ ಡಬ್ಬಿಯಿಂದ ಸುರಿದು ಕೊಟ್ಟಳು. ಕುಡಿದು ಲೋಟ ಕೆಳಗಿಟ್ಟು ಎದ್ದಳು.

"ಮುಂದಿನ ವಾರ ಮತ್ತೆ ಬರ್ತೀನಿ. ನಂಬಿಕೆಯಿಂದ ಅಲ್ಲ."

"ಬಾ."

ಅವಳು ಇಳಿದು ಹೋಗುವುದನ್ನು ಮಾತುಮೆಲೊ ನೋಡುತ್ತ ನಿಂತಳು. ಕೆಳಗೆ ಗೇಟು ತೆಗೆದು ಯಾರೋ ಅವಳಿಗೆ ನಮಸ್ಕಾರ ಮಾಡಿದರು. ಹೊಟ್ಟೆಯಲ್ಲಿ ಅದೇ ಹಳೆಯದು ಚುರುಕ್ಕೆಂದಿತು. ಇನ್ನೂ ಇದೆಯಲ್ಲ ಎಂದುಕೊಂಡು ಅವಳು ಕಳೆಗೆ ಬಗ್ಗಿದಳು. ಮಧ್ಯಾಹ್ನದ ಬಿಸಿಲೇರುವ ಮೊದಲು ಇನ್ನೆರಡು ಸಾಲು ಮುಗಿಸುವುದಿತ್ತು.